ಫೈಲ್ ತೆಗೆಯುವ ಮುಂಚೆ ಕೇಳಿಕೊಳ್ಳಿ: ಮಾಹಿತಿ ಎಲ್ಲಿ ಕೂತಿದೆ?

ಕಳೆದ ಭಾನುವಾರ ಸಿಂಧನೂರಿನಿಂದ ಪರಿಚಯದ ಹುಡುಗನೊಬ್ಬ ಗಂಗಾವತಿಗೆ, ನಮ್ಮ ಮನೆಗೆ ಬಂದಿದ್ದ. ಸಿವಿಲ್ ಡಿಪ್ಲೊಮಾ ಮುಗಿಸಿದ್ದಾನೆ. ಕಂಪ್ಯೂಟರಿನಲ್ಲಿ ನಕ್ಷೆ ಬರೆಯುವ ಆಟೋಕ್ಯಾಡ್‌ನಲ್ಲಿ ಕೈ ಚೆನ್ನಾಗಿ ಓಡುತ್ತೆ. ಈಗ ಬೆಂಗಳೂರಿನ ಒಂದು ಆಫೀಸಿನಲ್ಲಿ ಬಿಮ್ ಕೆಲಸ, ಅಂದರೆ ಕಂಪ್ಯೂಟರಿನಲ್ಲಿ ಕಟ್ಟಡದ ಮಾಡೆಲ್ ಮಾಡುವ ಕೆಲಸ, ಸಿಕ್ಕಿದೆ, ಮೊದಲ ಮೂರು ತಿಂಗಳು ಮನೆಯಿಂದಲೇ. ಸೇರಿದ ದಿನವೇ ಅವನಿಗೆ ಒಂದು ಫೋಲ್ಡರ್ ಕಳಿಸಿ, ನೋಡಿಕೊಂಡಿರು ಅಂದಿದ್ದಾರೆ, ಅಷ್ಟೇ. ಲ್ಯಾಪ್‌ಟಾಪ್ ನನ್ನ ಮುಂದೆ ಇಟ್ಟು, "ಅಕ್ಕಾ, ಇದ್ರಾಗ ಹನ್ನೊಂದು ಫೈಲ್ ಅದಾವ. ಮೊದ್ಲು ಯಾವುದನ್ನ ತೆಗೀಲಿ?" ಅಂದ.

ಕೊಪ್ಪಳದ ಹತ್ತಿರದ ಒಂದು ಸೈಟಿನಲ್ಲಿ ಬರಬೇಕಾದ ಮೂರು ಅಂತಸ್ತಿನ ಹಾಸ್ಟೆಲ್ ಕಟ್ಟಡ ಅದು. ಹೆಸರು ಎಲ್ಲಾ ಫೈಲಿಗೂ ಹೆಚ್ಚುಕಮ್ಮಿ ಒಂದೇ. ಚುಕ್ಕಿಯ ಮುಂದಿನ ಅಕ್ಷರಗಳು ಮಾತ್ರ ಬೇರೆ. ಎರಡು ಆರ್‌ವಿಟಿ, ಎರಡು ಆರ್‌ಎಫ್‌ಎ, ಒಂದು ಆರ್‌ಟಿಇ, ಒಂದು ಡಿಡಬ್ಲ್ಯುಜಿ, ಒಂದು ಐಎಫ್‌ಸಿ, ಎರಡು ಎನ್‌ಡಬ್ಲ್ಯುಸಿ, ಒಂದು ಎನ್‌ಡಬ್ಲ್ಯುಎಫ್, ಒಂದು ಬಿಸಿಎಫ್. ಬಿಮ್ ಕಲಿಸುವ ಕೋರ್ಸುಗಳಲ್ಲಿ ಗೋಡೆ ಎಳೆಯುವುದು, ಮೆಟ್ಟಿಲು ಕೂರಿಸುವುದು ಎಲ್ಲಾ ಹೇಳಿಕೊಡುತ್ತಾರೆ, ಈ ಅಕ್ಷರಗಳ ಬಗ್ಗೆ ಮಾತ್ರ ಯಾರೂ ಕೂತು ಹೇಳುವುದಿಲ್ಲ. ನನಗೂ ಯಾರೂ ಹೇಳಿರಲಿಲ್ಲ. ಅದಕ್ಕೇ ಅವತ್ತು ಮಧ್ಯಾಹ್ನ ಪೂರ್ತಿ ಅವನ ಜೊತೆ ಕೂತು ಒಂದೊಂದೇ ಫೈಲ್ ನೋಡಿದೆ. ಅವನಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ನಮ್ಮ ಕಡೆಯ ಹುಡುಗ ಹುಡುಗಿಯರು ಈ ಕೆಲಸಕ್ಕೆ ತುಂಬಾ ಜನ ಬರುತ್ತಿದ್ದಾರೆ, ಅವರಿಗೆಲ್ಲಾ ಇದು ಬೇಕು.

ಅವನಿಗೆ ಮೊದಲು ಹೇಳಿದ್ದು ಒಂದೇ ಮಾತು. ಯಾವ ಫೈಲ್ ಆಗಲಿ, ಯಾವ ಪದ ಆಗಲಿ, "ಮಾಹಿತಿ ಎಲ್ಲಿ ಕೂತಿದೆ?" ಅಂತ ಕೇಳು. ಇದರೊಳಗೇ ಇದೆಯಾ, ಅಥವಾ ಇದು ಬರೀ ವಿಳಾಸ ಹೇಳಿ ಇನ್ನೊಂದು ಕಡೆ ಕೈ ತೋರಿಸುತ್ತಾ? ಇದು ಗೊತ್ತಾದರೆ ಉಳಿದಿದ್ದು ತಾನಾಗೇ ಬಿಡಿಸಿಕೊಳ್ಳುತ್ತೆ.

ಬಿಮ್ ಅಂದರೆ ಬಿಲ್ಡಿಂಗ್ ಇನ್ಫರ್ಮೇಶನ್ ಮಾಡೆಲಿಂಗ್. ತುಂಬಾ ಜನ ಇದನ್ನು ತ್ರೀಡಿ ಅಂದುಕೊಂಡು ಅಲ್ಲಿಗೇ ನಿಲ್ಲಿಸುತ್ತಾರೆ. ಆದರೆ ತೂಕ ಇರುವುದು ನಡುವಿನ ಪದಕ್ಕೆ, ಮಾಹಿತಿಗೆ. ಆಟೋಕ್ಯಾಡ್‌ನಲ್ಲಿ ಒಂದು ಬಾಗಿಲು ಅಂದರೆ ಏನು? ಪ್ಲಾನಿನಲ್ಲಿ ಒಂದು ಗೆರೆ, ಒಂದು ಕಾಲು ವೃತ್ತ. ಸೆಕ್ಷನ್ನಿನಲ್ಲಿ ಮತ್ತೆ ಬರೆಯಬೇಕು, ಎಲಿವೇಶನ್ನಿನಲ್ಲಿ ಮತ್ತೆ, ಆಮೇಲೆ ಬಾಗಿಲುಗಳ ಪಟ್ಟಿ ಅಂತ ಎಕ್ಸೆಲ್‌ನಲ್ಲಿ ಇನ್ನೊಂದು ಸಲ ಟೈಪ್ ಮಾಡಬೇಕು. ಒಂದೇ ಬಾಗಿಲು, ನಾಲ್ಕು ಕಡೆ. ಮನೆಯವರು ಬಂದು ಬಾಗಿಲು ಅರ್ಧ ಅಡಿ ಅಗಲ ಮಾಡಿ ಅಂದರೆ ನಾಲ್ಕೂ ಕಡೆ ತಿದ್ದಬೇಕು, ಒಂದು ಕಡೆ ಮರೆತರೂ ಸೈಟಿನಲ್ಲಿ ಮೇಸ್ತ್ರಿ ಕೈಗೆ ಸಿಗುವುದು ಆ ಮರೆತ ಹಾಳೆಯೇ ಆಗಿರುತ್ತದೆ. ಬಿಮ್ ಮಾಡೆಲಿನಲ್ಲಿ ಬಾಗಿಲು ಇರುವುದು ಒಂದೇ. ಪ್ಲಾನ್, ಸೆಕ್ಷನ್, ಎಲಿವೇಶನ್, ಪಟ್ಟಿ ಇವೆಲ್ಲಾ ಅದೇ ಬಾಗಿಲನ್ನು ನೋಡುವ ಬೇರೆ ಬೇರೆ ಕಿಟಕಿಗಳು. ಯಾವ ಕಿಟಕಿಯಿಂದ ಕೈ ಹಾಕಿ ಬದಲಿಸಿದರೂ ಎಲ್ಲಾ ಕಡೆ ಬದಲಾಗುತ್ತೆ. ಈ ಕಿಟಕಿಗೆ ವ್ಯೂ ಅಂತಾರೆ. ಪಟ್ಟಿಗೆ ಶೆಡ್ಯೂಲ್. ಶೆಡ್ಯೂಲ್ ಕೂಡ ಒಂದು ವ್ಯೂ ಅಂತ ತಲೆಯಲ್ಲಿ ಕೂರಿಸಿಕೊಳ್ಳಿ, ಅರ್ಧ ಗೊಂದಲ ಕಮ್ಮಿಯಾಗುತ್ತೆ.

ಈ ಯೋಚನೆ ಹೊಸದೇನಲ್ಲ. 1970ರ ದಶಕದಲ್ಲೇ ಅಮೆರಿಕದ ಚಾರ್ಲ್ಸ್ ಈಸ್ಟ್‌ಮನ್ ಇಂಥ ಒಂದು ವ್ಯವಸ್ಥೆಯ ಬಗ್ಗೆ ಬರೆದಿದ್ದರು. ಆರ್ಕಿಕ್ಯಾಡ್ ಅನ್ನುವ ಬಿಮ್ ಸಾಫ್ಟ್‌ವೇರ್ ಮಾಡಿದ ಗ್ರಾಫಿಸಾಫ್ಟ್ ಕಂಪನಿ ಹಂಗೇರಿಯ ಬುಡಾಪೆಸ್ಟ್‌ನಲ್ಲಿ 1982ರಲ್ಲಿ ಶುರುವಾಯಿತು. ನಮ್ಮಲ್ಲಿ ಜಾಸ್ತಿ ನಡೆಯುವ ಬಿಮ್ ಸಾಫ್ಟ್‌ವೇರ್ ರೆವಿಟ್ ಬಂದದ್ದು 2000ದಲ್ಲಿ, 2002ರಲ್ಲಿ ಅದನ್ನು ಆಟೋಕ್ಯಾಡ್ ಮಾಡುವ ಆಟೋಡೆಸ್ಕ್ ಕೊಂಡುಕೊಂಡಿತು. ಆ ಹುಡುಗನ ಫೋಲ್ಡರ್ ರೆವಿಟ್‌ನದು, ಹಾಗಾಗಿ ನಾನೂ ಅದನ್ನೇ ಹಿಡಿದು ಹೇಳುತ್ತೇನೆ.

ಆರ್‌ವಿಟಿ ಅಂದರೆ ಪ್ರಾಜೆಕ್ಟ್ ಫೈಲ್. ಕಟ್ಟಡ ಇರುವುದು ಇದರಲ್ಲಿ. ಮಹಡಿಗಳ ಮಟ್ಟ ಅಂದರೆ ಲೆವೆಲ್, ಕಾಲಂ ಸಾಲುಗಳ ಗ್ರಿಡ್, ಗೋಡೆ, ಬಾಗಿಲು, ಹಾಳೆಗಳು, ಎಲ್ಲಾ ಒಂದೇ ಫೈಲ್. ಹುಡುಗ ಅದನ್ನು ಮನೆಯಲ್ಲೇ ತೆಗೆದು ನೋಡಿದ್ದ. ನೋಡಿದ್ದಷ್ಟೇ ಅಲ್ಲ, ಕೈಯನ್ನೂ ಹಾಕಿದ್ದ. ಮೊದಲ ಮಹಡಿಯ ಬಚ್ಚಲುಮನೆಯ ಬಾಗಿಲು 900 ಮಿಲಿಮೀಟರ್ ಇತ್ತಂತೆ, ಬಚ್ಚಲಿಗೆ ಅಷ್ಟು ಯಾಕೆ ಅಂತ 750 ಮಾಡಿದ. ಮಾಡಿದ ಕೂಡಲೇ ಮೂರೂ ಅಂತಸ್ತಿನ ಬಾಗಿಲುಗಳೆಲ್ಲಾ 750 ಆಗಿಬಿಟ್ಟವು. ಹೆದರಿ ಸೇವ್ ಮಾಡದೆ ಮುಚ್ಚಿದ್ದ. ಒಳ್ಳೇದೇ ಮಾಡಿದ.

ಯಾಕೆ ಹಾಗಾಯಿತು? ಇಲ್ಲೇ ಆ ಪ್ರಶ್ನೆ ಕೇಳಬೇಕು. ಬಾಗಿಲಿನ ಅಗಲ ಎಲ್ಲಿ ಕೂತಿದೆ?

ನಾನು ಬಳ್ಳಾರಿ ಜೀನ್ಸ್ ಹಿಡಿದು ಹೇಳಿದೆ. ಪ್ಯಾಂಟ್ ಅನ್ನುವುದು ಒಂದು ಕೆಟಗರಿ. ಅದರಲ್ಲಿ ಒಂದು ಕಟಿಂಗ್, ಅಂದರೆ ಹೊಲಿಯುವವರು ಬಟ್ಟೆ ಮೇಲಿಟ್ಟು ಕತ್ತರಿಸುವ ಪ್ಯಾಟರ್ನ್, ಅದು ಫ್ಯಾಮಿಲಿ. ಅದೇ ಕಟಿಂಗಿನಲ್ಲಿ 32, 34, 36 ಅಂತ ಸೈಜ್ ಇರುತ್ತಲ್ಲ, ಅವು ಟೈಪ್. ನೀನು ಈಗ ಹಾಕಿಕೊಂಡು ಕೂತಿದ್ದೀಯಲ್ಲ, ಅದು ಇನ್‌ಸ್ಟನ್ಸ್. ಸೊಂಟದ ಅಳತೆ ಎಲ್ಲಿದೆ? ನಿನ್ನ ಪ್ಯಾಂಟಿಗಷ್ಟೇ ಸೇರಿದ್ದಲ್ಲ ಅದು, 34 ಅನ್ನುವ ಸೈಜಿಗೆ ಸೇರಿದ್ದು. ಆ ಸೈಜಿನ ಅಳತೆಯನ್ನೇ ತಿದ್ದಿದರೆ ಆ ಸೈಜಿನ ಪ್ಯಾಂಟ್ ಹಾಕಿದವರದ್ದೆಲ್ಲಾ ಬದಲಾಗುತ್ತೆ. ನಿನ್ನ ಪ್ಯಾಂಟಿನ ಮೇಲೆ ಬಿದ್ದ ಚಹಾದ ಕಲೆ ಮಾತ್ರ ನಿನ್ನದೊಂದಕ್ಕೇ ಸೇರಿದ್ದು.

ಬಾಗಿಲಿಗೂ ಹಾಗೇ. ಬಾಗಿಲು ಅನ್ನುವುದು ಕೆಟಗರಿ, ಒಂಟಿ ರೆಕ್ಕೆಯ ಫ್ಲಶ್ ಡೋರ್ ಫ್ಯಾಮಿಲಿ, 900 ಗುಣಿಸು 2100 ಟೈಪ್, ಬಚ್ಚಲಿನಲ್ಲಿ ನಿಂತಿರುವ ಆ ಒಂದು ಬಾಗಿಲು ಇನ್‌ಸ್ಟನ್ಸ್. ಅಗಲ ಎತ್ತರ ಸಾಮಾನ್ಯವಾಗಿ ಟೈಪಿನಲ್ಲಿ ಕೂತಿರುತ್ತವೆ, ಅದಕ್ಕೆ ಟೈಪ್ ಪ್ಯಾರಾಮೀಟರ್ ಅಂತಾರೆ. ಯಾವ ಲೆವೆಲ್ಲಿನಲ್ಲಿದೆ, ಅದರ ಗುರುತಿನ ಸಂಖ್ಯೆ ಏನು ಎಂಬುದೆಲ್ಲಾ ಇನ್‌ಸ್ಟನ್ಸಿನಲ್ಲಿ. ಒಂದೇ ಬಾಗಿಲು ಬದಲಾಗಬೇಕು ಅಂದರೆ ಟೈಪನ್ನು ಡೂಪ್ಲಿಕೇಟ್ ಮಾಡಿ, 750 ಗುಣಿಸು 2100 ಅಂತ ಹೆಸರು ಕೊಟ್ಟು, ಅಗಲ ತಿದ್ದಿ, ಆ ಬಾಗಿಲಿಗೆ ಆ ಟೈಪ್ ಕೊಡಬೇಕು. ಹೆಸರು ಬದಲಿಸುವುದನ್ನು ಮರೆಯಬೇಡಿ. 900 ಅಂತ ಹೆಸರಿಟ್ಟುಕೊಂಡು ಒಳಗೆ 750 ಇರುವ ಟೈಪ್‌ಗಳನ್ನು ನಾನು ಎಷ್ಟೋ ಮಾಡೆಲ್‌ಗಳಲ್ಲಿ ನೋಡಿದ್ದೇನೆ. ಬಡಗಿ ಪಟ್ಟಿಯಲ್ಲಿನ ಹೆಸರು ಓದಿಯೇ ಚೌಕಟ್ಟು ಕೊಯ್ಯುತ್ತಾನೆ, ಆಮೇಲೆ ಕಟ್ಟಿಗೆ ವಾಪಸ್ ಅಂಟಿಸೋಕೆ ಆಗಲ್ಲ.

ಆರ್‌ಎಫ್‌ಎ ಅಂದರೆ ಈ ಫ್ಯಾಮಿಲಿಯ ಫೈಲ್. ಬಾಗಿಲು, ಕಿಟಕಿ, ಕುರ್ಚಿ, ನಲ್ಲಿ ಇಂಥವಕ್ಕೆಲ್ಲಾ ಒಂದೊಂದು ಆರ್‌ಎಫ್‌ಎ ಇರುತ್ತೆ. ಗೋಡೆಗೆ ಮಾತ್ರ ಹುಡುಕಬೇಡಿ, ಸಿಗಲ್ಲ. ಗೋಡೆ, ನೆಲ, ಛಾವಣಿ ಇವು ಸಿಸ್ಟಮ್ ಫ್ಯಾಮಿಲಿಗಳು, ಪ್ರಾಜೆಕ್ಟಿನ ಒಳಗೇ ಹುಟ್ಟಿ ಅಲ್ಲೇ ಇರುತ್ತವೆ. ಒಂದು ಆರ್‌ವಿಟಿಯಲ್ಲಿ ಮಾಡಿದ ಗೋಡೆಯ ಟೈಪ್ ಇನ್ನೊಂದಕ್ಕೆ ಬೇಕಾದರೆ ನಕಲು ಮಾಡಿ ಅಂಟಿಸಬೇಕು, ಇಲ್ಲಾ ಟ್ರಾನ್ಸ್‌ಫರ್ ಪ್ರಾಜೆಕ್ಟ್ ಸ್ಟ್ಯಾಂಡರ್ಡ್ಸ್ ಅಂತ ಒಂದು ದಾರಿ ಇದೆ, ಅದನ್ನು ಹಿಡಿಯಬೇಕು. ಆರ್‌ಎಫ್‌ಎ ಬಗ್ಗೆ ಇನ್ನೊಂದು ವಿಷಯ. ಪ್ರಾಜೆಕ್ಟಿಗೆ ಲೋಡ್ ಮಾಡಿದ ಮೇಲೆ ಅದರ ಪ್ರತಿ ಆರ್‌ವಿಟಿ ಒಳಗೆ ಕೂತುಬಿಡುತ್ತೆ. ಡಿಸ್ಕಿನಲ್ಲಿರುವ ಆರ್‌ಎಫ್‌ಎಯನ್ನು ನೀವು ಎಷ್ಟು ತಿದ್ದಿದರೂ ಮತ್ತೆ ಲೋಡ್ ಮಾಡುವವರೆಗೆ ಪ್ರಾಜೆಕ್ಟಿಗೆ ಅದರ ಸುದ್ದಿಯೇ ಮುಟ್ಟಲ್ಲ.

ಆರ್‌ಟಿಇ ಟೆಂಪ್ಲೇಟ್. ಆಫೀಸಿನ ಹಾಳೆಯ ಚೌಕಟ್ಟು, ಅಳತೆಯ ಮಾನ, ಗೋಡೆಯ ಟೈಪ್‌ಗಳು ಮೊದಲೇ ತುಂಬಿಟ್ಟ ಖಾಲಿ ಪ್ರಾಜೆಕ್ಟ್ ಅನ್ನಿ. ಹೊಸ ಕೆಲಸ ಶುರು ಮಾಡುವಾಗ ಇದರಿಂದ ಒಂದು ಪ್ರತಿ ಹುಟ್ಟುತ್ತೆ, ಆಮೇಲೆ ಎರಡಕ್ಕೂ ಸಂಬಂಧ ಇಲ್ಲ. ಫ್ಯಾಮಿಲಿ ಮಾಡಲು ಬೇಕಾದ ಟೆಂಪ್ಲೇಟಿಗೆ ಆರ್‌ಎಫ್‌ಟಿ ಅಂತಾರೆ, ಅದು ಇವನ ಫೋಲ್ಡರಿನಲ್ಲಿ ಇರಲಿಲ್ಲ.

ಎರಡನೇ ಆರ್‌ವಿಟಿಯ ಹೆಸರಿನ ಕೊನೆಗೆ 0003 ಅಂತ ಇತ್ತು. "ಇದು ಮೂರನೇ ಡಿಸೈನಾ ಅಕ್ಕಾ?" ಅಂದ. ಅಲ್ಲ. ನೀವು ಸೇವ್ ಮಾಡಿದಂತೆಲ್ಲಾ ಹಿಂದಿನ ಸ್ಥಿತಿಯನ್ನು ರೆವಿಟ್ 0001, 0002 ಅಂತ ಪಕ್ಕಕ್ಕೆ ಎತ್ತಿಡುತ್ತೆ. ಅದು ಹಳೆಯ ಪ್ರತಿ, ಬ್ಯಾಕಪ್. ಅದರಲ್ಲಿ ಕೆಲಸ ಮುಂದುವರಿಸಬಾರದು, ಯಾರಿಗೂ ಕಳಿಸಲೂಬಾರದು. ಆದರೆ ಅಳಿಸುವ ಆತುರವೂ ಬೇಡ. ಏಪ್ರಿಲ್ ತಿಂಗಳಲ್ಲಿ ನಮ್ಮಲ್ಲಿ ಮಧ್ಯಾಹ್ನ ಕರೆಂಟ್ ಹೋಗುವುದು ನಿಮಗೆ ಗೊತ್ತೇ ಇದೆ. ಸೇವ್ ಆಗುತ್ತಿರುವಾಗಲೇ ಕರೆಂಟ್ ಹೋಗಿ ಒಂದು ಫೈಲ್ ಕೆಟ್ಟಾಗ ನನ್ನನ್ನು ಕಾಪಾಡಿದ್ದು ಇಂಥದ್ದೇ ಒಂದು 0002. ಹತ್ತು ನಿಮಿಷದ ಕೆಲಸ ಮಾತ್ರ ಹೋಯಿತು. ಆ ತಿಂಗಳೇ ಯುಪಿಎಸ್ ತಂದೆ.

ಈಗ ಆರ್‌ವಿಟಿಯ ವರ್ಷದ ವಿಷಯ. ಇದನ್ನು ಸ್ವಲ್ಪ ಜೋರಾಗಿಯೇ ಹೇಳಬೇಕು. ಆಟೋಕ್ಯಾಡ್‌ನಿಂದ ಬಂದವರಿಗೆ ಹಳೇ ವರ್ಶನ್‌ನಲ್ಲಿ ಸೇವ್ ಮಾಡಿ ಕೊಡುವ ಅಭ್ಯಾಸ ಇರುತ್ತೆ. ಡಿಡಬ್ಲ್ಯುಜಿಯಲ್ಲಿ, ಅಂದರೆ ಆಟೋಕ್ಯಾಡ್‌ನ ಫೈಲಿನಲ್ಲಿ, ಅದು ನಡೆಯುತ್ತೆ. ರೆವಿಟ್‌ನಲ್ಲಿ ನಡೆಯಲ್ಲ. ರೆವಿಟ್ 2024ರಲ್ಲಿ ಸೇವ್ ಆದ ಆರ್‌ವಿಟಿ ರೆವಿಟ್ 2023ರಲ್ಲಿ ತೆರೆಯಲ್ಲ, ಹಿಂದಕ್ಕೆ ಸೇವ್ ಮಾಡುವ ಗುಂಡಿಯೇ ಇಲ್ಲ. 2023ರ ಫೈಲನ್ನು 2024ರಲ್ಲಿ ತೆಗೆದರೆ ಅದು ಅಪ್‌ಗ್ರೇಡ್ ಆಗುತ್ತೆ, ಸೇವ್ ಕೊಟ್ಟಿರಿ ಅಂದರೆ ಆ ಫೈಲ್ ವಾಪಸ್ ಬರಲ್ಲ. ಕೆಲವು ವರ್ಷಗಳ ಹಿಂದೆ ನಾನು ಕೆಲಸ ಮಾಡುತ್ತಿದ್ದ ಒಂದು ಆಫೀಸಿನಲ್ಲಿ ಹೀಗೇ ಆಯಿತು. ಆರ್ಕಿಟೆಕ್ಟ್ ಕಡೆಯವರು, ಸ್ಟ್ರಕ್ಚರ್ ಕಡೆಯವರು, ನಾವು, ಎಲ್ಲರೂ ಒಂದೇ ವರ್ಶನ್ ಅಂತ ಮಾತಾಗಿತ್ತು. ನಮ್ಮವರೊಬ್ಬರು ಹೊಸ ವರ್ಶನ್ ಹಾಕಿಕೊಂಡವರು ಫೈಲ್ ತೆಗೆದು, ಒಂದು ಗೋಡೆ ಸರಿಸಿ, ಸೇವ್ ಮಾಡಿ ಕಳಿಸಿಬಿಟ್ಟರು. ಮರುದಿನ ಸೈಟಿನಿಂದ ಫೋನ್: "ಫೈಲ್ ಓಪನ್ನೇ ಆಗವಲ್ದು ನೋಡ್ರಿ." ಅಷ್ಟೊತ್ತಿಗೆ ಹೊಸ ಫೈಲಿನಲ್ಲಿ ಇನ್ನೂ ಇಬ್ಬರು ಒಂದು ದಿನದ ಕೆಲಸ ಮಾಡಿ ಮುಗಿಸಿದ್ದರು. ಹಳೇ ಪ್ರತಿ ತೆಗೆದು ಆ ಕೆಲಸ ಅಷ್ಟನ್ನೂ ಕೈಯಲ್ಲಿ ಮತ್ತೆ ಮಾಡಿದೆವು. ಎರಡು ರಾತ್ರಿ. ಅವತ್ತಿನಿಂದ ನಾನು ಫೈಲಿನ ಹೆಸರಿನಲ್ಲೇ ವರ್ಷ ಬರೆಯುತ್ತೇನೆ. ಆ ಹುಡುಗನಿಗೂ ಅದನ್ನೇ ಹೇಳಿದೆ: ಬೆಂಗಳೂರಿಗೆ ಮೊದಲು ಕೇಳುವ ಪ್ರಶ್ನೆ ಸಂಬಳದ ದಿನ ಯಾವುದು ಅಂತ ಇರಲಿ, ಎರಡನೆಯದು ಈ ಪ್ರಾಜೆಕ್ಟ್ ಯಾವ ವರ್ಷದ ರೆವಿಟ್‌ನಲ್ಲಿದೆ ಅಂತ.

ಇಬ್ಬರು ಮೂವರು ಒಂದೇ ಆರ್‌ವಿಟಿಯಲ್ಲಿ ಹೇಗೆ ಕೆಲಸ ಮಾಡುತ್ತಾರೆ ಅಂತ ಅವನೇ ಕೇಳಿದ. ಸರ್ವರಿನಲ್ಲಿ ಒಂದು ಸೆಂಟ್ರಲ್ ಫೈಲ್ ಇರುತ್ತೆ. ಪ್ರತಿಯೊಬ್ಬರೂ ಅದರ ಒಂದು ಲೋಕಲ್ ಪ್ರತಿ ತಮ್ಮ ಕಂಪ್ಯೂಟರಿಗೆ ತಂದುಕೊಂಡು ಅದರಲ್ಲಿ ಕೆಲಸ ಮಾಡಿ, ಆಗಾಗ ಸಿಂಕ್ ಕೊಡುತ್ತಾರೆ, ಅಂದರೆ ತಾವು ಮಾಡಿದ್ದನ್ನು ಸೆಂಟ್ರಲ್‌ಗೆ ಸೇರಿಸುತ್ತಾರೆ. ನೀವು ಒಂದು ಗೋಡೆ ಹಿಡಿದು ತಿದ್ದುತ್ತಿದ್ದರೆ ಆ ಗೋಡೆ ಸದ್ಯಕ್ಕೆ ನಿಮ್ಮ ಹೆಸರಿನಲ್ಲಿರುತ್ತೆ, ಬೇರೆಯವರು ಮುಟ್ಟಲಾಗದು. ಹೋಗುವಾಗ ಬಿಟ್ಟುಕೊಟ್ಟು ಹೋಗಬೇಕು. ಬಿಡದೆ ಹಬ್ಬಕ್ಕೆ ಊರಿಗೆ ಹೋದರೆ ಆ ಗೋಡೆ ನೀವು ಬರುವವರೆಗೆ ಕಾಯುತ್ತೆ, ಜೊತೆಗೆ ಇಡೀ ತಂಡವೂ. ಇಲ್ಲೂ ಅದೇ ಪ್ರಶ್ನೆ: ನಿಜವಾದ ಮಾಹಿತಿ ಕೂತಿರುವುದು ಸೆಂಟ್ರಲ್‌ನಲ್ಲಿ. ನಿಮ್ಮ ಲೋಕಲ್‌ನಲ್ಲಿ ಸೇವ್ ಒತ್ತಿದ್ದು ನಿಮ್ಮ ಹತ್ತಿರವೇ ಉಳಿಯುತ್ತೆ, ಸಿಂಕ್ ಆದದ್ದು ಮಾತ್ರ ಎಲ್ಲರದ್ದು. ಸೆಂಟ್ರಲ್ ಫೈಲನ್ನು ನೇರವಾಗಿ ತೆಗೆದು ಕೆಲಸ ಮಾಡಬೇಡಿ.

ಡಿಡಬ್ಲ್ಯುಜಿ ಬಂತು. ಹುಡುಗನ ಮುಖದಲ್ಲಿ ಆಗ ಸ್ವಲ್ಪ ನಗು ಬಂತು, ಹಳೇ ಗೆಳೆಯ ಸಿಕ್ಕಂತೆ. ಅದು ಸೈಟಿನ ಸರ್ವೆ, ಟೋಟಲ್ ಸ್ಟೇಷನ್ ಅನ್ನುವ ಅಳತೆಯ ಯಂತ್ರ ಇಟ್ಟು ಮಾಡಿದ್ದು. ಇದನ್ನು ರೆವಿಟ್‌ಗೆ ತರಲು ಎರಡು ದಾರಿ: ಲಿಂಕ್, ಇಂಪೋರ್ಟ್. ಲಿಂಕ್ ಮಾಡಿದರೆ ಡ್ರಾಯಿಂಗ್ ತನ್ನ ಜಾಗದಲ್ಲೇ ಇರುತ್ತೆ, ಆರ್‌ವಿಟಿಯಲ್ಲಿ ವಿಳಾಸ ಇರುತ್ತೆ, ಸರ್ವೆಯವರು ಹೊಸ ಫೈಲ್ ಕೊಟ್ಟರೆ ರೀಲೋಡ್ ಮಾಡಿದರೆ ಸಾಕು. ಇಂಪೋರ್ಟ್ ಮಾಡಿದರೆ ಅದು ಒಳಗೇ ಸೇರಿಕೊಂಡು, ಮೂಲದ ಜೊತೆಗಿನ ನಂಟು ಕಡಿದುಹೋಗುತ್ತೆ. ಲಿಂಕ್ ಮಾಡಿ. ಇಂಪೋರ್ಟ್ ಮಾಡಿ ಎಕ್ಸ್‌ಪ್ಲೋಡ್ ಒತ್ತುವುದನ್ನಂತೂ ಮಾಡಲೇಬೇಡಿ, ಸಾವಿರಾರು ಗೆರೆ, ಹತ್ತಾರು ಗೆರೆ ಶೈಲಿಗಳು ಮಾಡೆಲ್ ತುಂಬಾ ಹರಡಿಕೊಂಡು, ಆಮೇಲೆ ಆರಿಸಿ ತೆಗೆಯುವುದು ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ.

ಆದರೆ ಸರ್ವೆ ಡ್ರಾಯಿಂಗಿನಲ್ಲಿ ಇನ್ನೊಂದು ಹಳ್ಳ ಇದೆ, ಅದರಲ್ಲಿ ನಮ್ಮ ಕಡೆಯ ಎಲ್ಲರೂ ಒಮ್ಮೆ ಬೀಳುತ್ತಾರೆ. ರೆವಿಟ್‌ಗೆ ಒಂದು ಒಳಗಿನ ಮೂಲಬಿಂದು ಇದೆ, ಇಂಟರ್ನಲ್ ಒರಿಜಿನ್. ಕಟ್ಟಡ ಅದರಿಂದ ಸುಮಾರು 16 ಕಿಲೋಮೀಟರ್ ಒಳಗೇ ಇರಬೇಕು. ಅದಕ್ಕಿಂತ ದೂರ ಹೋದರೆ ಲೆಕ್ಕದ ನಿಖರತೆ ಕೆಡುತ್ತೆ, ಗೆರೆಗಳು ನಡುಗುತ್ತವೆ, ಎಚ್ಚರಿಕೆಗಳು ಬರುತ್ತವೆ. ಈಗ ಸರ್ವೆಯವರು ಯುಟಿಎಂ ಪದ್ಧತಿಯಲ್ಲಿ, ಅಂದರೆ ಭೂಮಿಯನ್ನು ವಲಯಗಳಾಗಿ ಹಂಚಿ ಮೀಟರಿನಲ್ಲಿ ಜಾಗ ಹೇಳುವ ಪದ್ಧತಿಯಲ್ಲಿ, ಅಂಕಿ ಕೊಡುತ್ತಾರೆ. ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ 43ನೇ ವಲಯದಲ್ಲಿ ಬರುತ್ತವೆ. ಉತ್ತರದ ಅಂಕಿಯನ್ನು ಭೂಮಧ್ಯರೇಖೆಯಿಂದ ಅಳೆಯುವುದರಿಂದ ನಮ್ಮಲ್ಲಿ ಅದು 16 ಲಕ್ಷ ಮೀಟರ್ ದಾಟಿರುತ್ತೆ. ಅಂದರೆ 1600 ಕಿಲೋಮೀಟರಿಗೂ ಜಾಸ್ತಿ. 16 ಎಲ್ಲಿ, 1600 ಎಲ್ಲಿ! ನೂರು ಪಟ್ಟು ಆಚೆ. ಆ ಡ್ರಾಯಿಂಗನ್ನು ಮೂಲಬಿಂದುವಿಗೆ ಮೂಲಬಿಂದು ಜೋಡಿಸಿ ತಂದರೆ ಪರದೆ ಖಾಲಿ ಕಾಣುತ್ತೆ, ಅಥವಾ ದೂರದಲ್ಲಿ ಒಂದು ಚುಕ್ಕಿ. ಮಾಡಬೇಕಾದ್ದು ಏನೆಂದರೆ ಡ್ರಾಯಿಂಗನ್ನು ಸೆಂಟರ್ ಟು ಸೆಂಟರ್ ಅಂತ ತಂದು ಕಟ್ಟಡದ ಹತ್ತಿರಕ್ಕೆ ಕೂರಿಸಿ, ಆಮೇಲೆ ಅಕ್ವೈರ್ ಕೋಆರ್ಡಿನೇಟ್ಸ್ ಕೊಟ್ಟು ಸರ್ವೆಯ ಅಂಕಿಗಳನ್ನು ಮಾಡೆಲಿಗೆ ಕಲಿಸುವುದು. ಕಟ್ಟಡ ಮೂಲಬಿಂದುವಿನ ಹತ್ತಿರವೇ ಇರುತ್ತೆ, ಭೂಮಿ ಮೇಲೆ ತಾನು ಎಲ್ಲಿದ್ದೇನೆ ಅನ್ನುವುದೂ ಅದಕ್ಕೆ ಗೊತ್ತಿರುತ್ತೆ. ಇದನ್ನು ಮಾತ್ರ ನಾವಿಬ್ಬರೂ ಅವನ ಲ್ಯಾಪ್‌ಟಾಪಿನಲ್ಲಿ ಎರಡು ಸಲ ಮಾಡಿ ನೋಡಿದೆವು. ಎರಡನೇ ಸಲ ಮೌಸ್ ಅವನ ಕೈಯಲ್ಲೇ ಇತ್ತು.

ಐಎಫ್‌ಸಿ ನನಗೆ ಅತಿ ಇಷ್ಟದ ಫೈಲ್. ಆರ್‌ವಿಟಿ ರೆವಿಟ್‌ನದು, ಪಿಎಲ್‌ಎನ್ ಆರ್ಕಿಕ್ಯಾಡ್‌ನದು, ಟೆಕ್ಲಾ ಅನ್ನುವ ಇನ್ನೊಂದು ಸಾಫ್ಟ್‌ವೇರಿನದು ಬೇರೆ. ಒಬ್ಬರದನ್ನು ಇನ್ನೊಬ್ಬರು ಪೂರ್ತಿಯಾಗಿ ಓದಲಾರರು. ಹಾಗಾದರೆ ಇವರೆಲ್ಲಾ ಮಾತಾಡುವುದು ಹೇಗೆ ಅಂತ 1990ರ ದಶಕದ ನಡುವಿನಿಂದ ಕಂಪನಿಗಳು ಸೇರಿ ಒಂದು ತೆರೆದ ಭಾಷೆ ಕಟ್ಟಿದರು, ಅದೇ ಐಎಫ್‌ಸಿ. ಅದನ್ನು ಈಗ ಬಿಲ್ಡಿಂಗ್‌ಸ್ಮಾರ್ಟ್ ಅನ್ನುವ ಸಂಸ್ಥೆ ನೋಡಿಕೊಳ್ಳುತ್ತೆ. ಇದು ಐಎಸ್‌ಒ 16739 ಅನ್ನುವ ಅಂತರರಾಷ್ಟ್ರೀಯ ಮಾನದಂಡ. 2024ರಲ್ಲಿ ಬಂದ ಆವೃತ್ತಿಯಲ್ಲಿ ರಸ್ತೆ, ಸೇತುವೆ, ರೈಲು ದಾರಿಗಳೂ ಸೇರಿವೆ. ಆದರೂ ಆಫೀಸುಗಳಲ್ಲಿ ಇವತ್ತಿಗೂ ಐಎಫ್‌ಸಿ 2ಎಕ್ಸ್3 ಅನ್ನುವ ಹಳೇ ಆವೃತ್ತಿ ಓಡಾಡುತ್ತೆ, ಕಳಿಸುವ ಮುಂಚೆ ಯಾವುದು ಬೇಕು ಅಂತ ಕೇಳಿ.

ಐಎಫ್‌ಸಿಯ ಚೆಂದ ಏನು ಗೊತ್ತಾ? ಅದು ಬರೀ ಅಕ್ಷರಗಳ ಫೈಲ್. ನೋಟ್‌ಪ್ಯಾಡ್‌ನಲ್ಲಿ ತೆಗೆಯಬಹುದು. ನಾನು ಹುಡುಗನಿಗೆ ತೆಗೆದು ತೋರಿಸಿದೆ. ಮೊದಲ ಸಾಲಿನಲ್ಲೇ ಐಎಸ್‌ಒ-10303-21 ಅಂತ ಇರುತ್ತೆ, ಆ ಬರವಣಿಗೆಯ ಪದ್ಧತಿಯ ಹೆಸರು ಅದು. ಸ್ವಲ್ಪ ಕೆಳಗೆ ಆವೃತ್ತಿ. ಆಮೇಲೆ ಸಾವಿರಾರು ಸಾಲು, ಪ್ರತಿ ಸಾಲಿಗೂ ಹ್ಯಾಶ್ ಗುರುತು ಹಾಕಿ ಒಂದು ಸಂಖ್ಯೆ. ಕಂಟ್ರೋಲ್ ಎಫ್ ಒತ್ತಿ ಐಎಫ್‌ಸಿಡೋರ್ ಅಂತ ಹುಡುಕಿದೆವು. ಸಿಕ್ಕಿತು, ಒಂದೇ ಸಾಲು. ಮೊದಲು 22 ಅಕ್ಷರಗಳ ಒಂದು ಗುರುತು, ಲೋಕದಲ್ಲಿ ಆ ಬಾಗಿಲಿಗೆ ಮಾತ್ರ ಸೇರಿದ್ದು. ಆಮೇಲೆ ಹೆಸರು: ಫ್ಯಾಮಿಲಿ, ಟೈಪ್, ರೆವಿಟ್ ಕೊಟ್ಟ ಸಂಖ್ಯೆ, ಮೂರೂ ಒಟ್ಟಿಗೆ. ನಡುವೆ ಅಲ್ಲಲ್ಲಿ ಡಾಲರ್ ಗುರುತು. "ಇದು ರೊಕ್ಕಾ?" ಅಂದ. ಅಲ್ಲ, ಈ ಜಾಗಕ್ಕೆ ಏನೂ ಕೊಟ್ಟಿಲ್ಲ ಅಂತ ಅರ್ಥ. ಮುಂದಕ್ಕೆ 2100, 900. ಮೊದಲು ಎತ್ತರ, ಆಮೇಲೆ ಅಗಲ. ಅವನು ಎರಡು ದಿನ ಗುದ್ದಾಡಿದ್ದ ಅದೇ ಬಾಗಿಲು, ಅಲ್ಲಿ ಒಂದು ಸಾಲಾಗಿ ಕೂತಿತ್ತು. ಬಾಗಿಲು ಎಲ್ಲಿ ನಿಂತಿದೆ ಅನ್ನುವುದು ಆ ಸಾಲಿನಲ್ಲಿಲ್ಲ, ಇನ್ನೊಂದು ಹ್ಯಾಶ್ ಸಂಖ್ಯೆ ಕೊಟ್ಟು ಅಲ್ಲಿ ನೋಡು ಅನ್ನುತ್ತೆ. ಯಾವ ಮಹಡಿ ಅನ್ನುವುದಕ್ಕೆ ಮತ್ತೊಂದು ಸಾಲು. ಒಳಗೊಳಗೇ ವಿಳಾಸಗಳು. ಹುಡುಗ ಅದನ್ನು ಒಂದೊಂದಾಗಿ ಹಿಂಬಾಲಿಸಿಕೊಂಡು ಮಹಡಿ, ಮಹಡಿಯಿಂದ ಕಟ್ಟಡ, ಕಟ್ಟಡದಿಂದ ಸೈಟು ಅಂತ ಮೇಲಕ್ಕೆ ಹೋಗಿ ಪ್ರಾಜೆಕ್ಟ್ ಮುಟ್ಟಿದ. ನಾನು ಚಹಾ ಮಾಡಿ ತರುವಷ್ಟರಲ್ಲಿ.

ನೋಟ್‌ಪ್ಯಾಡ್‌ನಲ್ಲಿ ಓದಿ, ತಿದ್ದಬೇಡಿ. ಇನ್ನೊಂದು ಮಾತು: ಐಎಫ್‌ಸಿ ನೋಡಲಿಕ್ಕೆ, ಹೊಂದಿಸಿ ನೋಡಲಿಕ್ಕೆ, ಒಪ್ಪಿಸಲಿಕ್ಕೆ. ಅದನ್ನು ರೆವಿಟ್‌ಗೆ ತಂದು ಆ ಬಾಗಿಲನ್ನು ಫ್ಯಾಮಿಲಿಯ ಬಾಗಿಲಿನ ಹಾಗೆ ತಿದ್ದುತ್ತೇನೆ ಅಂದರೆ ಆಗಲ್ಲ. ಮಾಹಿತಿ ಬರುತ್ತೆ, ನಡವಳಿಕೆ ಬರಲ್ಲ. ಅದಕ್ಕೇ ಲಿಂಕ್ ಮಾಡಿ ಇಟ್ಟುಕೊಳ್ಳುವುದು ಸರಿ. ಹಾಗೆ ಲಿಂಕ್ ಮಾಡಿದಾಗ ಪಕ್ಕದಲ್ಲಿ ಐಎಫ್‌ಸಿ ಚುಕ್ಕಿ ಆರ್‌ವಿಟಿ ಅಂತ ಎರಡು ಬಾಲದ ಒಂದು ಫೈಲ್ ಹುಟ್ಟುತ್ತೆ. ಅದು ರೆವಿಟ್ ತನಗಾಗಿ ಮಾಡಿಕೊಂಡದ್ದು, ಹೆದರಬೇಡಿ.

ಎಲ್ಲರ ಮಾಡೆಲ್‌ಗಳನ್ನು ಒಟ್ಟಿಗೆ ಇಟ್ಟು ನೋಡುವ ಸಾಫ್ಟ್‌ವೇರ್ ನೇವಿಸ್‌ವರ್ಕ್ಸ್. ಅದರ ಮೂರು ಫೈಲುಗಳಲ್ಲಿ ಎನ್‌ಡಬ್ಲ್ಯುಎಫ್ ಅವನನ್ನು ಜಾಸ್ತಿ ಕಾಡಿತ್ತು. ಡಬಲ್ ಕ್ಲಿಕ್ ಮಾಡಿದರೆ ಅದು ಸಿಗುತ್ತಿಲ್ಲ, ಇದು ಸಿಗುತ್ತಿಲ್ಲ ಅನ್ನುತ್ತೆ. ಸೈಜ್ ನೋಡು ಅಂದೆ. ಕೆಲವೇ ಕೆಬಿ. ಮೂರು ಅಂತಸ್ತಿನ ಕಟ್ಟಡ ಅಷ್ಟರಲ್ಲಿ ಹಿಡಿಯುತ್ತಾ? ಎನ್‌ಡಬ್ಲ್ಯುಎಫ್ ಅಂದರೆ ವಿಳಾಸದ ಪುಸ್ತಕ. ಆರ್ಕಿಟೆಕ್ಟಿನ ಮಾಡೆಲ್ ಇಲ್ಲಿದೆ, ಸ್ಟ್ರಕ್ಚರ್ ಅಲ್ಲಿದೆ, ಪ್ಲಂಬಿಂಗ್ ಇನ್ನೊಂದು ಕಡೆ ಇದೆ ಅಂತ ಬರೆದುಕೊಂಡಿರುತ್ತೆ, ಜೊತೆಗೆ ನಾವು ಹಾಕಿದ ಗುರುತುಗಳು, ಒಂದಕ್ಕೊಂದು ಡಿಕ್ಕಿ ಹೊಡೆಯುತ್ತಾ ಅಂತ ನೋಡುವ ಕ್ಲಾಶ್ ಪರೀಕ್ಷೆಗಳು. ಮಾಡೆಲ್ ಅದರೊಳಗೆ ಇಲ್ಲ. ಎನ್‌ಡಬ್ಲ್ಯುಸಿ ಅಂದರೆ ಒಂದೊಂದು ಮಾಡೆಲಿನ ಹಗುರಾದ ನಕಲು, ಆ ದಿನದ್ದು. ಇವನ ಹತ್ತಿರ ಆರ್ಕಿಟೆಕ್ಟಿನದು, ಪ್ಲಂಬಿಂಗಿನದು ಇದ್ದವು, ಸ್ಟ್ರಕ್ಚರಿನದು ಇರಲೇ ಇಲ್ಲ. ಅದಕ್ಕೇ ಕೂಗುತ್ತಿತ್ತು. ಎಲ್ಲವನ್ನೂ ಗಂಟು ಕಟ್ಟಿ ಕೊಡುವುದು ಎನ್‌ಡಬ್ಲ್ಯುಡಿ. ಬೇರೆಯವರಿಗೆ ಕಳಿಸಬೇಕಾದ್ದು ಅದು, ನೇವಿಸ್‌ವರ್ಕ್ಸ್ ಫ್ರೀಡಮ್ ಅನ್ನುವ ಪುಕ್ಕಟೆ ವ್ಯೂವರ್‌ನಲ್ಲಿ ಸೈಟ್ ಇಂಜಿನಿಯರೂ ತೆಗೆದು ನೋಡಬಹುದು. ಆರ್ಕಿಕ್ಯಾಡ್‌ನಲ್ಲೂ ಹೀಗೇ ಗಂಟು ಕಟ್ಟುವ ಫೈಲ್ ಇದೆ, ಪಿಎಲ್‌ಎ.

ಇದೆಲ್ಲಾ ಯಾಕೆ ಇಷ್ಟು ಒತ್ತಿ ಹೇಳುತ್ತೇನೆ ಅಂದರೆ, ನಮ್ಮ ಓಣಿಯಲ್ಲೇ ಕಟ್ಟುತ್ತಿದ್ದ ಒಂದು ಮನೆಯಲ್ಲಿ ಬಚ್ಚಲಿನ ನಾಲ್ಕಿಂಚಿನ ಪೈಪ್ ಹಾಯಿಸಲು ಬೀಮನ್ನೇ ಒಡೆದದ್ದನ್ನು ನಾನು ನಿಂತು ನೋಡಿದ್ದೇನೆ. ಕಾಂಕ್ರೀಟ್ ಉದುರಿ ಒಳಗಿನ ಕಬ್ಬಿಣ ಕಾಣುತ್ತಿತ್ತು. ಒಡೆಯುತ್ತಿದ್ದವನಿಗೆ ಬೇರೆ ದಾರಿ ಇರಲಿಲ್ಲ, ಪೈಪಿಗೆ ಬೇರೆ ಜಾಗ ಯಾರೂ ಬಿಟ್ಟಿರಲಿಲ್ಲ. ಪೈಪಿನ ಮಾಡೆಲ್, ಬೀಮಿನ ಮಾಡೆಲ್ ಒಟ್ಟಿಗೆ ಇಟ್ಟು ನೋಡಿದ್ದರೆ ಇದು ಮೇಜಿನ ಮೇಲೇ ಸಿಗುತ್ತಿತ್ತು. ಇಂಥ ಡಿಕ್ಕಿಗೆ ಕ್ಲಾಶ್ ಅಂತಾರೆ. ಒಂದರೊಳಗೆ ಒಂದು ಹೊಕ್ಕರೆ ಹಾರ್ಡ್ ಕ್ಲಾಶ್. ಹೊಕ್ಕಿಲ್ಲ, ಆದರೆ ರಿಪೇರಿಗೆ ಕೈ ಹಾಕುವಷ್ಟೂ ಜಾಗ ಇಲ್ಲ ಅಂದರೆ ಅದು ಕ್ಲಿಯರೆನ್ಸ್ ಕ್ಲಾಶ್. ಸ್ಟ್ರಕ್ಚರಿನ ಎನ್‌ಡಬ್ಲ್ಯುಸಿ ಇಲ್ಲದ, ಅಥವಾ ಹೋದ ತಿಂಗಳದ್ದು ಇರುವ ಫೋಲ್ಡರಿನಲ್ಲಿ ಕ್ಲಾಶ್ ನೋಡಿ ಎಲ್ಲಾ ಸರಿ ಇದೆ ಅಂತ ಬರೆದುಕೊಟ್ಟರೆ ಆ ಬೀಮ್ ಮತ್ತೆ ಒಡೆಯುತ್ತಾರೆ.

ಬಿಸಿಎಫ್ ಸಣ್ಣದು. ಮಾಡೆಲ್ ಇರಲ್ಲ. ಈ ಜಾಗದಲ್ಲಿ ತೊಂದರೆ ಇದೆ ನೋಡಿ ಅನ್ನುವ ಚೀಟಿ: ಒಂದು ಚಿತ್ರ, ನಿಂತು ನೋಡಿದ ಕೋನ, ಯಾವ ವಸ್ತು, ಏನು ಮಾತು. ಆ 22 ಅಕ್ಷರಗಳ ಗುರುತು ಇಲ್ಲಿ ಕೆಲಸಕ್ಕೆ ಬರುತ್ತೆ, ಬೇರೆ ಸಾಫ್ಟ್‌ವೇರಿನವರು ತೆಗೆದರೂ ಅದೇ ಪೈಪಿಗೆ ಹೋಗಿ ನಿಲ್ಲುತ್ತಾರೆ. ಫೋಟೋ ತೆಗೆದು ವಾಟ್ಸಾಪ್‌ನಲ್ಲಿ ಕೆಂಪು ಗೆರೆ ಎಳೆದು ಕಳಿಸುವುದಕ್ಕಿಂತ ಎಷ್ಟೋ ವಾಸಿ.

ಎಲ್‌ಒಡಿ, ಅಂದರೆ ಲೆವೆಲ್ ಆಫ್ ಡೆವಲಪ್‌ಮೆಂಟ್, ಇದರ ಬಗ್ಗೆ ಅವನಿಗೆ ಇಂಟರ್‌ವ್ಯೂನಲ್ಲೇ ಕೇಳಿದ್ದರಂತೆ. 100, 200, 300, 350, 400, 500 ಅಂತ ಮೆಟ್ಟಿಲು. ಅಮೆರಿಕದ ಆರ್ಕಿಟೆಕ್ಟರ ಸಂಸ್ಥೆ 2008ರಲ್ಲಿ ಇದನ್ನು ಒಪ್ಪಂದದ ಕಾಗದಕ್ಕೆ ತಂದಿತು, 350 ಆಮೇಲೆ ಸೇರಿದ್ದು. ಡಿ ಅಂದರೆ ಡೀಟೇಲ್ ಅಂತ ತುಂಬಾ ಜನ ತಿಳಿದಿದ್ದಾರೆ, ಅಲ್ಲಿ ಅದು ಡೆವಲಪ್‌ಮೆಂಟ್. ಬಾಗಿಲಿಗೆ ಹಿಡಿಕೆ, ಸ್ಕ್ರೂ ಎಲ್ಲಾ ಕೂರಿಸಿ ಫೈಲ್ ಭಾರ ಮಾಡಿದರೆ ಎಲ್‌ಒಡಿ ಏರಲ್ಲ. ಇಲ್ಲಿ ಕೂತಿರುವ ಮಾಹಿತಿಯನ್ನು ಎಷ್ಟು ನಂಬಬಹುದು ಅನ್ನುವುದೇ ಅದರ ಅರ್ಥ. 200 ಅಂದರೆ ಅಂದಾಜು, 300 ಅಂದರೆ ಅಳತೆ ತೆಗೆದುಕೊಳ್ಳಬಹುದು, 400 ಅಂದರೆ ಇದನ್ನು ನೋಡಿ ತಯಾರಿಸಬಹುದು, 500 ಅಂದರೆ ಕಟ್ಟಿದ ಮೇಲೆ ಸೈಟಿಗೆ ಹೋಗಿ ತಾಳೆ ನೋಡಿದ್ದು.

ಸಂಜೆ ಬಸ್ಸಿಗೆ ಹೋಗುವ ಮುಂಚೆ ನಮ್ಮ ಮೇಜಿನಲ್ಲೇ ಕೂತು ಬೆಂಗಳೂರಿಗೆ ಮೇಲ್ ಬರೆದ. ಮೂರೇ ಸಾಲು. ಪ್ರಾಜೆಕ್ಟ್ ಯಾವ ವರ್ಷದ ರೆವಿಟ್‌ನಲ್ಲಿದೆ, ಸ್ಟ್ರಕ್ಚರಿನ ಎನ್‌ಡಬ್ಲ್ಯುಸಿ ಬಂದಿಲ್ಲ ಕಳಿಸಿ, ಸರ್ವೆ ಡ್ರಾಯಿಂಗ್ ಲಿಂಕ್ ಮಾಡಿದ್ದೀರಾ ಇಂಪೋರ್ಟ್ ಮಾಡಿದ್ದೀರಾ. ನಾನು ಒಂದಕ್ಷರ ತಿದ್ದಲಿಲ್ಲ.

ಮಂಗಳವಾರ ರಾತ್ರಿ ಫೋನಿಗೆ ಒಂದು ಚಿತ್ರ ಬಂತು. ಬಾಗಿಲುಗಳ ಶೆಡ್ಯೂಲ್. ಮೊದಲ ಮಹಡಿಯ ಬಚ್ಚಲಿನ ಎದುರು ಹೊಸ ಟೈಪ್, 750 ಗುಣಿಸು 2100, ಹೆಸರೂ ಅದೇ. ಕೆಳಗೆ ಬರೆದಿದ್ದ: "ಉಳಿದ್ವೆಲ್ಲಾ 900ನೇ ಅದಾವ ಅಕ್ಕಾ."